ಟ್ರೇಲರ್‌ನಲ್ಲಿ ನನ್ನ ಬೈಗುಳ

ಯಲ್ಲದಕೆರೆಗೆ ಸಿನಿಮಾ ಶೂಟಿಂಗ್‌ನವರು ಬಂದಾಗ, ಗುಂಪಿನಲ್ಲಿ ನಿಲ್ಲುವ ಕೂಲಿಗೆ ನಾನೂ ಹೋಗಿದ್ದೆ. ಮಗಳು ಹೆಗಲ ಮೇಲೆ ಆಗಷ್ಟೇ ನಿದ್ದೆ ಹೋಗಿದ್ದಳು. ಹೀರೋ ಮಚ್ಚು ಎತ್ತಿ ಅರಚಿದ, ಅವಳು ಬೆಚ್ಚಿ ಎದ್ದಳು.

"ಮೆಲ್ಲಗೆ ಅರಚ್ರಿ, ಕೂಸು ಮಲಗಿತ್ತು!" ಎಂದು ಬೈದೆ.

ಡೈರೆಕ್ಟರು ಅದನ್ನೇ ಟ್ರೇಲರ್‌ಗೆ ಹಾಕಿದರು. ಉಳಿದದ್ದೆಲ್ಲ ಯಾವ ಭಾಷೆಯ ಸಿನಿಮಾದಲ್ಲೂ ಸಿಗುವ ಹೊಗೆ, ಬೆಂಕಿ, ಹೀರೋನ ನಿಧಾನ ನಡಿಗೆ. ನಮ್ಮ ಸೀಮೆಯ ಮಾತು ನನ್ನದೊಂದೇ. ಅದನ್ನು ಕೇಳಲೆಂದೇ ನೆಂಟರೆಲ್ಲ ಹಿರಿಯೂರಿನ ಟಾಕೀಸಿಗೆ ಬಂದರು. ಸಿನಿಮಾ ಮುಗಿದರೂ ನಾನು ತೆರೆಯ ಮೇಲೆ ಬರಲೇ ಇಲ್ಲ.

"ಏನವ್ವಾ, ನಿನ್ ಬೈಗುಳ ಎಲ್ಲೈತೆ?" ಎಂದರು ನಮ್ಮತ್ತೆ, ಎಲ್ಲರ ಮುಂದೆ.

"ಜನಾನ ಕರೆಯಾಕೆ ಇಟ್ಕಂಡಿದ್ರು ಅತ್ತೆ, ಜನ ಬಂದ್ಮೇಲೆ ಕತ್ತರಿಸಿದ್ರು."

ಅವತ್ತು ಒಂದೇ ಅರಚಾಟಕ್ಕೆ ಎದ್ದಿದ್ದ ಮಗಳು, ಇಡೀ ಸಿನಿಮಾ ಗೊರಕೆ ಹೊಡೆದಳು. ಟಿಕೆಟ್ಟಿನ ದುಡ್ಡು ವಸೂಲಾದದ್ದು, ಟಿಕೆಟ್ಟೇ ಇಲ್ಲದ ಅವಳಿಗೊಬ್ಬಳಿಗೆ.