ಇನ್ನೊಂದು ತುಂಡು

ಶಾಲೆಯಲ್ಲಿ ಮರಗೆಲಸವನ್ನೂ ಕಲಿಸಬೇಕೆಂದು ಆದೇಶ ಬಂದಾಗ, ಮೊದಲು ಕಲಿಯಬೇಕಾದವನು ಮೇಷ್ಟ್ರಾದ ನಾನೇ. ಪ್ರತಿ ಭಾನುವಾರ ಹರಿಹರದಿಂದ ಸೈಕಲ್ ತುಳಿದು, ಆನೆಕೊಂಡದಲ್ಲಿ ಲೇತಿನ ಮೇಲೆ ಮರದ ಬಟ್ಟಲು ಕಡೆಯುತ್ತಿದ್ದ ಯಜಮಾನರ ಹತ್ತಿರ ಹೋಗುತ್ತಿದ್ದೆ. ತಿರುಗುವ ಮರಕ್ಕೆ ನಾನು ಉಳಿ ಹಿಡಿದರೆ ಬಟ್ಟಲಿನ ತಳವೇ ತೂತಾಗುತ್ತಿತ್ತು. ಅವರು ಮೀಸೆಗೆ ಹತ್ತಿದ ಹೊಟ್ಟು ಒರೆಸಿಕೊಂಡು, "ಇನ್ನೊಂದು ತುಂಡು ತರ್ರಿ ಮೇಷ್ಟ್ರೇ, ಮರ ಐತಲ್ಲ" ಎನ್ನುತ್ತಿದ್ದರು. ಬೈದಿದ್ದರೇ ವಾಸಿಯಿತ್ತು.

ಆರನೆಯ ಭಾನುವಾರ, ಇನ್ನು ಬರುವುದಿಲ್ಲವೆಂದು ಹೇಳಿಬಿಡಲು ಕಾಯುತ್ತ ನಿಂತಿದ್ದೆ. ಅಷ್ಟರಲ್ಲಿ ಗಿರಾಕಿಯ ಎದುರಿಗೇ ಅವರು ಕಡೆಯುತ್ತಿದ್ದ ಬಟ್ಟಲಿನ ತಳ ಹಾರಿಹೋಯಿತು. ಗಿರಾಕಿ ನಕ್ಕ. ಯಜಮಾನರು ತೂತಿನೊಳಗೆ ಬೆರಳಾಡಿಸಿ ನೋಡಿದರು, ಮೀಸೆ ಒರೆಸಿಕೊಂಡರು. ಅದೇ ದನಿಯಲ್ಲಿ, "ಇನ್ನೊಂದು ತುಂಡು ತರ್ರಿ ಮೇಷ್ಟ್ರೇ" ಎಂದರು.

ನಾನು ಎರಡು ತುಂಡು ಎತ್ತಿಕೊಂಡು ಬಂದೆ.