ಮಣ್ಣಿನ ಜಾತಕ ಬರೆದ ಜಯಕ್ಕ

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಜಯಲತಾ ಯಾರೆಂದು ಕೇಳಿದರೆ ಜನ ಒಂದು ಗಳಿಗೆ ಯೋಚಿಸುತ್ತಿದ್ದರು. "ಮಣ್ಣಿನ ಜಾತಕ ಬರೀತಾರಲ್ಲ, ಅವರು" ಎಂದರೆ ಸಾಕು, ಮೂರನೇ ಮಾಳಿಗೆಯತ್ತ ಕೈ ತೋರಿಸುತ್ತಿದ್ದರು. ಆ ಹೆಸರಿಟ್ಟವಳು ಎದುರು ಮನೆಯ ಚಂದ್ರಬಾಯಿ.

ಉಡುಪಿ ಕಡೆಯ ಜಯಕ್ಕ ಎಂಐಡಿಸಿ ಕೈಗಾರಿಕಾ ಪ್ರದೇಶದ ಪಿಂಗಾಣಿ ಕಾರ್ಖಾನೆಯೊಂದರ ಲ್ಯಾಬಿನಲ್ಲಿದ್ದರು. ಮೀಟರಿನ ಪಕ್ಕ ಕೂರುವ ಬಿಳಿಯ ಫ್ಯೂಸು ಅಲ್ಲಿ ತಯಾರಾಗುತ್ತಿತ್ತು. ಯಾರ ಮನೆಗೆ ಹೋದರೂ ಚಹಾದ ಕಪ್ಪನ್ನು ಬೆರಳ ಗೆಣ್ಣಿನಿಂದ ಟಣ್ ಎನಿಸಿ, ಕಿವಿಗೊಟ್ಟು, ಆಮೇಲೆಯೇ ಕುಡಿಯುವುದು.

"ಅದೇನ್ ಮಾಡ್ತೀರಿ ಜಯಕ್ಕಾ, ದಿನಾ ಆ ಮಣ್ಣಿನ ಕೂಡ?" ಎಂದು ಚಂದ್ರಬಾಯಿ ಕೇಳಿದ್ದಳು.

"ನೋಡಿ ಮಾರಾಯ್ರೆ, ಊಟದ ಎಲೆ ಮೇಲೆ ಒಟ್ಟು ಉಪ್ಪು ಎಷ್ಟುಂಟು ಅಂತ ಮೆಷಿನ್ ಹೇಳ್ತದೆ. ಅದು ಉಪ್ಪಿನಕಾಯಿಯದ್ದಾ, ಸಾಂಬಾರಿನದ್ದಾ ಅಂತ ನಾನು ಹೇಳ್ಬೇಕು."

"ನೆಕ್ಕಿ ನೋಡಿದ್ರ ಆಗಂಗಿಲ್ಲೇನ್ರಿ?"

"ನೀವು ಬಂದು ನೆಕ್ಕಿ. ಸಂಬಳ ನಾನು ತೆಕ್ಕೊಳ್ತೇನೆ."

ನಕ್ಕರೂ ಮಾತು ನಿಜ. ಮಿಶ್ರಣದಲ್ಲಿ ಸಿಲಿಕಾ, ಅಲ್ಯುಮಿನಾ, ಪೊಟ್ಯಾಶ್ ಎಷ್ಟೆಷ್ಟಿವೆ ಎಂದು ಪರೀಕ್ಷೆ ಹೇಳುತ್ತದೆ. ಅವು ಯಾವ ಖನಿಜದೊಳಗೆ ಕೂತಿವೆ ಎಂದು ಹೇಳುವುದಿಲ್ಲ. ಇಂತಿಷ್ಟು ಜೇಡಿ, ಇಂತಿಷ್ಟು ಫೆಲ್ಡ್‌ಸ್ಪಾರ್, ಉಳಿದದ್ದು ಬೆಣಚು ಎಂದು ಜಯಕ್ಕ ಲೆಕ್ಕ ಹಾಕಿ ಚೀಟಿ ಬರೆದು ಕೊಟ್ಟರೆ, ಭಟ್ಟಿ ನೋಡಿಕೊಳ್ಳುವ ಯಾದಗಿರಿಯ ಮಾಪಣ್ಣ ಅದಕ್ಕೆ ತಕ್ಕ ಬೆಂಕಿ ಕೊಡುತ್ತಿದ್ದ.

ಒಂದು ವರ್ಷ ಹೊಸ ಗಣಿಯ ಮಣ್ಣು ಬಂತು. ಭಟ್ಟಿ ತೆರೆದರೆ ಫ್ಯೂಸುಗಳೆಲ್ಲ ಸೊಟ್ಟ! ಕಾರ್ಖಾನೆಯ ಮಾಲೀಕ ಸೇಠ್ ಮಾಪಣ್ಣನ ಮೇಲೆ ಹಾರಾಡಿದ: "ಜ್ಯಾದಾ ಆಗ್ ದಿಯಾ ತೂನೇ! ಕಲ್ ಸೇ ಮತ್ ಆನಾ!"

ಬೆಂಕಿ ಹೆಚ್ಚು ಕೊಟ್ಟನಂತೆ, ನಾಳೆಯಿಂದ ಕೆಲಸವಿಲ್ಲ. ಮಾಪಣ್ಣ ಲ್ಯಾಬಿನ ಬಾಗಿಲಿಗೆ ಬಂದು ನಿಂತ. "ದಿನದಂಗ ಕೊಟ್ಟೀನ್ರಿ ಬೆಂಕಿ. ಬಾಯಾರ, ನೀವರ ಹೇಳ್ರಿ."

ಜಯಕ್ಕ ಲೆಕ್ಕವನ್ನು ಮೊದಲಿಂದ ಹಾಕಿದರು. ಹಳೆಯ ಗಣಿಯಲ್ಲಿ ಪೊಟ್ಯಾಶೆಲ್ಲ ಫೆಲ್ಡ್‌ಸ್ಪಾರಿನದು. ಜಯಕ್ಕನ ಪಳಗಿದ ಕೈ ಹೊಸ ಮಣ್ಣಿಗೂ ಹಾಗೆಯೇ ಹಂಚಿತ್ತು. ಆದರೆ ಆ ಲೆಕ್ಕದಂತೆ, ಕಾಸಿದಾಗ ಮಣ್ಣಿನಿಂದ ಹೋಗಬೇಕಾದಷ್ಟು ನೀರು ಹೋಗಿರಲಿಲ್ಲ. ಆ ವ್ಯತ್ಯಾಸ ಮೊದಲೇ ಕಣ್ಣಿಗೆ ಬಿದ್ದಿತ್ತು, ಮೆಷಿನ್ ತಪ್ಪೆಂದು ಬಿಟ್ಟಿದ್ದರು. ಈಗ ಪೊಟ್ಯಾಶನ್ನು ಅಭ್ರಕವೆಂಬ ಇನ್ನೊಂದು ಖನಿಜಕ್ಕೆ ಕೊಟ್ಟು ನೋಡಿದರು. ನೀರಿನ ಲೆಕ್ಕ ಸರಿಹೋಯಿತು. ನುಣ್ಣನೆಯ ಅಭ್ರಕದ ಮಣ್ಣು ಬೇಗ ಮೆತ್ತಗಾಗುತ್ತದೆ. ಅದಕ್ಕೆ ದಿನದ ಬೆಂಕಿಯೇ ಹೆಚ್ಚು.

ಲ್ಯಾಬಿನ ಮುಖ್ಯಸ್ಥರ ಕುರ್ಚಿ ಜಯಕ್ಕನಿಗೇ ಎಂದು ಮಾತಾಗಿದ್ದ ದಿನಗಳು ಅವು. ಸುಮ್ಮನಿದ್ದಿದ್ದರೆ ಕೇಳುವವರಿರಲಿಲ್ಲ.

"ಸೇಠ್‌ಜೀ, ಭಟ್ಟಿಯದ್ದು ತಪ್ಪಿಲ್ಲ. ಲೆಕ್ಕ ತಪ್ಪಿದ್ದು ನಾನು."

"ಸೋಚ್ ಕೇ ಬೋಲೋ, ಮೇಡಂ."

"ಯೋಚನೆ ಮಾಡಿಯೇ ಬಂದದ್ದು."

ಬೆಂಕಿ ತಗ್ಗಿಸಿದ ಮೇಲೆ ಫ್ಯೂಸು ನೆಟ್ಟಗೆ ಬಂದವು. ಮಾಪಣ್ಣ ಉಳಿದ. ಕುರ್ಚಿ ಇನ್ಯಾರಿಗೋ ಹೋಯಿತು.

ಚಂದ್ರಬಾಯಿಗೆ ತಡೆಯಲಿಲ್ಲ. "ಮಣ್ಣಿನ ಜಾತಕ ಬರಿಯೋರು ನಿಮ್ಮ ಜಾತಕ ಒಮ್ಮೆ ನೋಡ್ಕೋಬಾರ್ದಿತ್ತೇನ್ರಿ?"

"ನನ್ನದ್ರಲ್ಲಿ ಸ್ಟೂಲೇ ಇದ್ದದ್ದು ಮಾರಾಯ್ರೆ. ಕೂತ್ಕೊಳ್ಲಿಕ್ಕೆ ಸಾಕು."

ಅದೇ ಸ್ಟೂಲಿನ ಮೇಲಿಂದ ನಿವೃತ್ತರಾದರು. ಕೊನೆಯವರೆಗೂ ನೀರಿನ ಲೆಕ್ಕ ತಾಳೆಯಾಗದೆ ಒಂದು ಚೀಟಿಯೂ ಭಟ್ಟಿಗೆ ಹೋಗಲಿಲ್ಲವಂತೆ.

ಕಳೆದ ಶ್ರಾವಣದಲ್ಲಿ ಜಯಕ್ಕ ತೀರಿಕೊಂಡರು. ಖಾರಘರದಿಂದ ಅವರ ತಮ್ಮ ರಂಜನ್ ಬಂದ. ಕಲ್ಯಾಣದಿಂದ ಮಾಪಣ್ಣ ಬಂದ, ತಲೆ ಪೂರ್ತಿ ಬೆಳ್ಳಗಾಗಿತ್ತು. ಚಟ್ಟದ ಮುಂದೆ ಹಿಡಿದು ನಡೆಯಲು ತಂದಿದ್ದ ಬೆಂಕಿಯ ಮಡಿಕೆಯನ್ನು ಕೈಗೆತ್ತಿಕೊಂಡವನೇ ಗೆಣ್ಣಿನಿಂದ ತಟ್ಟಿದ. ಠೊಪ್ ಎಂದಿತು.

"ಇದು ಸೀಳೇತ್ರಿ. ಬಾಯಾರ ಒಪ್ಪಂಗಿಲ್ಲ," ಎಂದು ತಾನೇ ಇಳಿದು ಹೋದ.

ಯಾರೂ ಅವಸರ ಮಾಡಲಿಲ್ಲ. ರಸ್ತೆ ಕೂಡುವ ನಾಕಾದ ಅಂಗಡಿಯಲ್ಲಿ ಒಂದೊಂದನ್ನೇ ತಟ್ಟಿ ನೋಡಿ ಬೇರೊಂದು ತಂದ. ಬಾಗಿಲಲ್ಲಿ ಮತ್ತೊಮ್ಮೆ ತಟ್ಟಿದ. ಟಣ್ ಎಂದಿತು. ಅದನ್ನು ರಂಜನ್ ಕೈಗಿಟ್ಟು ಮಾಪಣ್ಣ ಹೆಗಲು ಕೊಟ್ಟ. ಜಯಕ್ಕ ಮೂರನೇ ಮಾಳಿಗೆಯ ಮನೆಯಿಂದ ಹೊರಟರು.