ಮುಖ ನೋಡದೆ ಒತ್ತಿದ ಮುದ್ರೆ

ಬ್ಲೂಮ್‌ಫಾಂಟೇನಿನ ಒಂದು ಶಾಲೆಯಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಮಕ್ಕಳಿಗೆ ಜೋಳದ ಮುದ್ದೆ, ಕಾಳಿನ ಸಾರು ಬೇಯಿಸಿ ಹಾಕುತ್ತಿದ್ದ ಮಾಸೆಚಾಬಾ ಹುಟ್ಟಿದ್ದು ಗಡಿಯಾಚೆಯ ಲೆಸೊಥೋದಲ್ಲಿ. ಗಂಡ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗೆ ಇಳಿದಾಗ ಅವನ ಹಿಂದೆಯೇ ಬಂದವಳು. ಗಣಿಯ ದೂಳು ಅವನ ಶ್ವಾಸಕೋಶವನ್ನು ತಿಂದುಹಾಕಿತು. ಅದಕ್ಕೆ ಮೊದಲು ಸರ್ಕಾರ ಇಬ್ಬರಿಗೂ ‘ಕಾಯಂ ನಿವಾಸಿ’ ಎಂದು ಒಂದೊಂದು ಪ್ರಮಾಣಪತ್ರ ಕೊಟ್ಟಿತ್ತು. ಮಾಸೆಚಾಬಾ ಬಾಯಿ ಜೋರಿನ ಹೆಂಗಸು. ಕೈ ತೊಳೆಯದೆ ಬಂದ ಹುಡುಗನಿಗೆ ಸೌಟು ಎತ್ತುತ್ತಿರಲಿಲ್ಲ, ಅವನು ಹೆಡ್‌ಮೇಷ್ಟ್ರ ಮಗನೇ ಆಗಿದ್ದರೂ ಅಷ್ಟೇ.

ಸೆಪ್ಟೆಂಬರಿನ ಒಂದು ಮಂಗಳವಾರ ಊರಿನಲ್ಲಿ ಅವಳ ತಾಯಿ ತೀರಿಕೊಂಡಳು. ಮಣ್ಣು ಶನಿವಾರ. ತಾಯಿಗೆ ಹೊದಿಸಲು ಹೊಸ ಕಂಬಳಿ ಕೊಂಡು, ಮೂರನೇ ತರಗತಿಯ ಮೊಮ್ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಗುರುವಾರ ಗಡಿಗೆ ಹೋಗುವ ಹದಿನೈದು ಸೀಟಿನ ಟ್ಯಾಕ್ಸಿ ಹತ್ತಿದಳು. ತಾಯಿಯಿಲ್ಲದ ಆ ಮಗುವಿಗೆ ಇವಳೊಬ್ಬಳೇ ದಿಕ್ಕು. ಭಾನುವಾರ ಬಂದುಬಿಡುತ್ತೇನೆ ಎಂದು ಹೇಳಿ ಹೊರಟಿದ್ದಳು.

ಗಡಿಯ ಸೇತುವೆಯ ಬಳಿ ಕಿಟಕಿಯೊಳಗಿನ ಅಧಿಕಾರಿ ಅವಳ ಪಾಸ್‌ಪೋರ್ಟ್ ತಿರುವಿ ಹಾಕಿ ಕಂಪ್ಯೂಟರ್ ನೋಡಿದ.

“ಅಮ್ಮಾ, ನೀವು ಏಪ್ರಿಲ್‌ನಲ್ಲಿ ಬಂದಿದ್ದು ಮೂವತ್ತು ದಿನದ ಪ್ರವಾಸಿಯಾಗಿ. ಅವಧಿ ಮುಗಿದು ನಾಲ್ಕು ತಿಂಗಳಾಯ್ತು. ಈಗ ಆಚೆ ಹೋದ್ರೆ ಐದು ವರ್ಷ ಈ ದೇಶಕ್ಕೆ ಕಾಲಿಡೋ ಹಾಗಿಲ್ಲ.”

“ಪ್ರವಾಸಿನಾ? ನಾನಾ?” ಮಾಸೆಚಾಬಾ ಚೀಲದಿಂದ ಪ್ರಮಾಣಪತ್ರ ತೆಗೆದು ಕಿಟಕಿಗೆ ಒತ್ತಿ ಹಿಡಿದಳು. “ಓದಪ್ಪಾ. ಕಾಯಂ ಅಂತಿದೆ. ನಿಮ್ಮೋರೇ ಕೊಟ್ಟಿದ್ದು.”

“ಇದ್ರಲ್ಲಿರೋದು ಹಳೇ ಪಾಸ್‌ಪೋರ್ಟ್ ನಂಬರು. ಹೊಸದ್ರಲ್ಲಿ ಪ್ರವಾಸಿ ಮುದ್ರೆ ಇದೆ. ನಾವು ಮುದ್ರೆ ನೋಡ್ತೀವಿ.”

ಆಗ ಅವಳಿಗೆ ಈಸ್ಟರ್ ನೆನಪಾಯಿತು. ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಂಡು ವಾಪಸು ಬರುತ್ತಿದ್ದಳು. ಸೇತುವೆಯ ಸಾಲು ಅರ್ಧ ಮೈಲಿ ಇತ್ತು. ಟ್ಯಾಕ್ಸಿ ಓಡಿಸುವ ಸೆಲ್ಲೊ ಎಂದಿನಂತೆ ಎಲ್ಲರ ಪಾಸ್‌ಪೋರ್ಟ್ ಒಟ್ಟುಮಾಡಿ, ರಬ್ಬರ್ ಬ್ಯಾಂಡ್ ಹಾಕಿ, ಪರಿಚಯದ ಕಿಟಕಿಗೆ ಒಯ್ದ. ಜನ ಪಕ್ಕದಿಂದ ನಡೆದು ದಾಟಿ ಗಾಡಿಯಲ್ಲಿ ಕೂತರು. ಎಲ್ಲ ಟ್ಯಾಕ್ಸಿಯವರೂ ಮಾಡುವುದು ಹಾಗೆಯೇ. “ನಂದು ಕಾಯಂದು ಕಣೋ” ಎಂದಿದ್ದಳು. “ಗೊತ್ತು ಬಿಡಮ್ಮಾ” ಎಂದಿದ್ದ. ಪ್ರಮಾಣಪತ್ರ ಮಾತ್ರ ಅವಳ ಚೀಲದಲ್ಲೇ ಉಳಿದಿತ್ತು. ಕಿಟಕಿಯೊಳಗಿದ್ದ ಪುಣ್ಯಾತ್ಮ ಇಡೀ ಕಟ್ಟಿಗೆ ಒಂದೇ ಮುದ್ರೆ ಒತ್ತಿ ಕಳಿಸಿದ್ದ. ಅವಳು ಪುಟ ತೆರೆದೂ ನೋಡಲಿಲ್ಲ. ಸ್ವಂತ ಮನೆಗೆ ಬರುವವಳು ಎಷ್ಟು ದಿನ ಇರಬಹುದು ಎಂದು ಯಾಕೆ ನೋಡಿಕೊಂಡಾಳು?

ಅವಳಿಗೆ ಮೈಯೆಲ್ಲ ಉರಿದುಹೋಯಿತು. “ಅವತ್ತು ಈ ಕಿಟಕಿ ಮುಂದೆ ನಾನು ನಿಂತೇ ಇರ್ಲಿಲ್ಲ! ನನ್ನ ಮುಖಾನೇ ನೋಡದೆ ನಾನು ಪ್ರವಾಸಿ ಅಂತ ಒತ್ತಿದ್ರಿ. ಇವತ್ತು ಎದುರಿಗೆ ನಿಂತು ಕೂಗ್ತಿದ್ದೀನಿ, ಈಗ ನಂಬಲ್ಲ ಅಂತೀರಿ!”

ಇವತ್ತೂ ಅವಳು ಬಂದದ್ದು ಸೆಲ್ಲೊನ ಗಾಡಿಯಲ್ಲೇ. ಹಿಂದೆ ನಿಂತಿದ್ದ ಅವನು ಬೆವತುಹೋದ. “ಅಮ್ಮಾ, ಮೆಲ್ಲಗೆ. ನನ್ನ ಹೊಟ್ಟೆ ಮೇಲೆ ಹೊಡೀಬೇಡಿ.”

“ಬಾಯಿ ಮುಚ್ಚೋ! ನಿನ್ನ ಅವಸರಕ್ಕೆ ಬೆಂಕಿ ಹಾಕ!”

ಅಧಿಕಾರಿ ಸೆಲ್ಲೊನನ್ನು ನೋಡಿದ, ಇವಳನ್ನು ನೋಡಿದ, ದನಿ ತಗ್ಗಿಸಿದ. “ಒಂದು ಕೆಲಸ ಮಾಡಿ. ಈ ಡ್ರೈವರ್ ನಿಮಗೆ ಹೇಳದೆ ಪಾಸ್‌ಪೋರ್ಟ್ ಒಯ್ದು ಸುಳ್ಳು ಮುದ್ರೆ ಹಾಕಿಸಿದ ಅಂತ ಬರ್ಕೊಡಿ. ನಿಮ್ಮದು ಈಗ್ಲೇ ಸರಿಮಾಡ್ತೀನಿ. ಹೋಗಿ, ಬನ್ನಿ.”

ಎಂಥಾ ನ್ಯಾಯ ನೋಡಿ! ಒತ್ತಿದ ಕೈ ಕಿಟಕಿಯೊಳಗಿನದು, ಜೈಲಿಗೆ ಹೋಗಬೇಕಾದವನು ಹೊರಗಿನವನು. ಮಾಸೆಚಾಬಾ ಪೆನ್ನು ತೆಗೆದುಕೊಂಡಳು.

“ಬರೀತೀನಿ. ಪಾಸ್‌ಪೋರ್ಟ್ ನಾನೇ ಕೈಯಾರೆ ಕೊಟ್ಟೆ ಅಂತ ಬರೀತೀನಿ. ಇವನು ತಂದ ಅಂತಾನೂ ಬರೀತೀನಿ. ಒಳಗೆ ಕೂತೋರು ಯಾರ ಮುಖಾನೂ ನೋಡದೆ ಒತ್ತಿದ್ರು ಅಂತಾನೂ ಬರೀತೀನಿ.”

“ಕೊನೇದು ಬೇಡ. ಅದಕ್ಕೆ ಸಾಕ್ಷಿ ಎಲ್ಲಿದೆ?”

ಅವಳು ಸಾಲಿನ ಕಡೆ ತಿರುಗಿದಳು. “ಮುಖ ತೋರಿಸದೆ ಮುದ್ರೆ ಹಾಕಿಸ್ಕೊಂಡೋರು ಕೈ ಎತ್ತಿ!”

ನಲವತ್ತು ಜನರಿದ್ದರು. ಆ ಭಾಗ್ಯ ಕಾಣದವರು ನಾಲ್ಕು ಜನ ಇದ್ದರೆ ಹೆಚ್ಚು. ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. “ಬೇಗ ಮುಗಿಸಮ್ಮಾ, ಬಿಸಿಲು” ಎಂದ ಯಾರೋ. ಸೆಲ್ಲೊ ಕೂಡ ಕೈ ಎತ್ತಲಿಲ್ಲ.

“ಹಾಗಾದ್ರೆ ತಿರುಗಿ ಮನೆಗೆ ಹೋಗಿ, ಅರ್ಜಿ ಹಾಕಿ ಸರಿಮಾಡಿಸ್ಕೊಳ್ಳಿ. ಮೂರೋ ನಾಲ್ಕೋ ತಿಂಗಳಾಗುತ್ತೆ” ಎಂದ ಅಧಿಕಾರಿ.

“ಅಲ್ಲೀವರೆಗೆ ನಮ್ಮವ್ವ ಕಾಯ್ತಾಳಾ?”

ಅವನು ಐದು ವರ್ಷದ ನಿಷೇಧದ ಕಾಗದ ಮುಂದಕ್ಕೆ ತಳ್ಳಿದ. ಹತ್ತು ದಿನದೊಳಗೆ ಮೇಲ್ಮನವಿ ಹಾಕಬಹುದು ಎಂದು ಕೆಳಗೆ ಸಣ್ಣಕ್ಷರದಲ್ಲಿತ್ತು. ಮಾಸೆಚಾಬಾ ಅದನ್ನು ಮಗುಚಿ, ಹಿಂಬದಿಯ ಖಾಲಿ ಜಾಗದಲ್ಲಿ ಮೂರೂ ಮಾತು ಬರೆದಳು. ತಾನು ಕೊಟ್ಟಿದ್ದು, ಸೆಲ್ಲೊ ತಂದಿದ್ದು, ಇವರು ನೋಡದೆ ಒತ್ತಿದ್ದು. ಅಕ್ಷರ ಸೊಟ್ಟಗಿದ್ದವು, ನಡುನಡುವೆ ಮೊಮ್ಮಗಳು ನೆನಪಾಗುತ್ತಿದ್ದಳು. ಆದರೂ ಒಂದು ಮಾತನ್ನೂ ಬಿಡಲಿಲ್ಲ. ಬರೆದು ಸಹಿ ಹಾಕಿ, ಅದಕ್ಕೊಂದು ನಕಲು ಕೇಳಿ ಪಡೆದಳು.

ಅಧಿಕಾರಿ ತಲೆ ತಗ್ಗಿಸಿಕೊಂಡೇ ದೇಶ ಬಿಡುವವರ ಮುದ್ರೆ ಎತ್ತಿದ. ಅವಳು ಕಿಟಕಿಯ ಸಂದಿಯಿಂದ ಕೈ ತೂರಿಸಿ ಪಾಸ್‌ಪೋರ್ಟಿನ ಮೇಲೆ ಅಂಗೈ ಊರಿದಳು.

“ಮೊದ್ಲು ಮುಖ ನೋಡು. ಆಮೇಲೆ ಒತ್ತು.”

ಅವನು ತಲೆ ಎತ್ತಿದ. ಕಣ್ಣೀರು, ಬೆವರು, ಐವತ್ತೆಂಟು ವರ್ಷದ ಸುಕ್ಕು ಎಲ್ಲ ಕಾಣುವಷ್ಟು ಹೊತ್ತು ನೋಡಿದ. ಅವಳು ಕೈ ತೆಗೆದಳು. ಅವನು ಒತ್ತಿದ.